ಅವಳ ಹೆಸರಿಗೆ ಮಾತ್ರ

ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು
10 ಜೂನ್ 2024

ಪ್ರೀತಿಯ ಪ್ರಮೋದಾ,

ನನ್ನ ಅಕ್ಷರ ನೋಡಿ ಇದೇನು ಕಾಗದ ಬರೆದಿದ್ದಾಳೆ ಅಂದುಕೊಂಡಿರುತ್ತೀಯ. ಹಾಸ್ಟೆಲ್‌ನಲ್ಲಿ ದೀಪ ಆರಿಸಿದ ಮೇಲೂ ಕಿಟಕಿಯ ಬೆಳಕಿಗೆ ಕೈ ಹಿಡಿದು ಸನ್ನೆಯಲ್ಲಿ ಹರಟುತ್ತಿದ್ದವರು ನಾವು. ಊರಿಗೆ ಬಂದ ಮೇಲೂ ಕಂಪ್ಯೂಟರಿನ ಪರದೆಯಲ್ಲಿ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ನಿನ್ನೆ ನೀವೆಲ್ಲ ನನಗಾಗಿ ಕಾದಿರಬೇಕು. ನಾನು ಬರಲಿಲ್ಲ ಅಂತಲ್ಲ ಕಣೇ, ಬರುವ ದಾರಿ ಮುಚ್ಚಿದ್ದಾರೆ.

ಗುರುವಾರ ಸಂಜೆ ನಾವು ಮಾತಾಡಿದ್ದು ನೆನಪಿದೆಯಲ್ಲ? ಜಯಕುಮಾರ್ ನಿಮ್ಮ ಫ್ಯಾಕ್ಟರಿ ಸೂಪರ್‌ವೈಸರ್ ಥರ ಹೊಟ್ಟೆ ಮುಂದೆ ಮಾಡಿಕೊಂಡು ನಡೆದು ತೋರಿಸಿದ. ನಾನು ನಕ್ಕೆ. ನಕ್ಕಾಗ ನನ್ನ ಗಂಟಲಿನಿಂದ ಏನೋ ಸದ್ದು ಬರುತ್ತದಂತೆ, ಎಂಥದ್ದೋ ನನಗೆ ಗೊತ್ತಿಲ್ಲ. ಅಪ್ಪ ಡೇರಿಯಿಂದ ಆಗ ತಾನೇ ಬಂದಿದ್ದರು. ಅದನ್ನು ಕೇಳಿ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೂಲೆಯಲ್ಲಿ ನನ್ನ ಮುಖ ಕಾಣುತ್ತದಲ್ಲ, ಆ ಸಣ್ಣ ಚೌಕದಲ್ಲೇ ನಾನು ಅವರನ್ನು ನೋಡಿದ್ದು. ಅವರು ಜಯಕುಮಾರ್ ಮುಖವನ್ನೇ ನೋಡುತ್ತಿದ್ದರು. ಹಾಗೇ ಹೊರಗೆ ಹೋದರು.

ಶನಿವಾರ ನನ್ನ ತಮ್ಮ ಹರಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ ಪಕ್ಕದಲ್ಲಿ ನಿಂತುಕೊಂಡಿದ್ದರು. ಡೇರಿ ಲೆಕ್ಕ ಇರಬೇಕು ಅಂದುಕೊಂಡೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮೂರು ಹೆಸರಿವೆ: ಅಪ್ಪನದು, ಹರಿಯದು, ನನ್ನದು. ಅವರವರ ಹೆಸರು ಒತ್ತಿ ಒಳಗೆ ಹೋಗಬೇಕು. ಸಂಜೆ ನನ್ನ ಹೆಸರು ಒತ್ತಿದೆ. ನಾನು ಹಾಕಿಕೊಂಡ ಹೂವಿನ ಚಿತ್ರ, ನಮ್ಮ ಫೋಟೋಗಳು, ಟೈಪಿಂಗು ಎಲ್ಲ ಹಾಗೇ ಇತ್ತು. ಇಂಟರ್ನೆಟ್ ಮಾತ್ರ ಇರಲಿಲ್ಲ. ಲೈನ್ ಹೋಗಿದೆ ಅಂತ ಎದ್ದು ಬಂದೆ. ಸ್ವಲ್ಪ ಹೊತ್ತಿಗೆ ಹರಿ ಕೂತು ಅದರಲ್ಲೇ ಕ್ರಿಕೆಟ್ ನೋಡುತ್ತಿದ್ದ.

ಏನಾಗಿದೆ ಅಂತ ಕೇಳಿದೆ. ಈ ಮನೆಯಲ್ಲಿ ಸನ್ನೆ ಬರುವುದು ಅವನೊಬ್ಬನಿಗೇ, ಅದೂ ರಜಾದಲ್ಲಿ ನನ್ನಿಂದಲೇ ಕಲಿತದ್ದು. ಅವನು ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕೂತ. ಬಾಯಲ್ಲಿ ಮಾತಾಡುವವರ ಮನೆಯಲ್ಲಿ ಬಾಯಿ ಮುಚ್ಚಿಕೊಳ್ಳುವುದು ಹೀಗೇ ಇರಬೇಕು. ಆಮೇಲೆ ಕೈ ತೆಗೆದು, "ಅಪ್ಪ ಹೇಳಿದರು. ನಿನ್ನ ಹೆಸರಿಗೆ ಮಾತ್ರ" ಅಂದ.

ಆ ಹುಡುಗ ಪ್ರಮೋದಾಳನ್ನು ಮದುವೆ ಆಗುವವನು ಅಂತ ಅಪ್ಪನಿಗೆ ಹೇಳು ಅಂದೆ. ಹೇಳಿದನಂತೆ. "ಇವತ್ತು ಇವನು, ನಾಳೆ ಇನ್ನೊಬ್ಬ" ಅಂದರಂತೆ.

ನನ್ನ ಫೋನು ಯುಗಾದಿ ಹೊತ್ತಿಗೇ ಒಡೆದುಹೋಯಿತು, ನಿನಗೆ ಗೊತ್ತು. ಮದುವೆ ಆದ ಮೇಲೆ ಗಂಡ ಕೊಡಿಸುತ್ತಾನೆ ಬಿಡು ಅಂದಿದ್ದಾರೆ. ಕಾಗದ ಬರೆಯುತ್ತೇನೆ ಅಂದಾಗ ಬೇಡ ಅನ್ನಲಿಲ್ಲ. ಕಾಗದದಲ್ಲಿ ಮುಖ ಕಾಣುವುದಿಲ್ಲವಲ್ಲ.

ನನಗೆ ಆರು ವರ್ಷದವರೆಗೆ ಕಿವಿ ಕೇಳುತ್ತಿತ್ತು, ಅದಕ್ಕೇ ಕನ್ನಡ ಸಲೀಸಾಯಿತು ಅಂತ ಟೀಚರ್ ಹೇಳುತ್ತಿದ್ದರು. ನೀನು ಹುಟ್ಟಿದಾಗಿನಿಂದ ಒಂದು ಮಾತೂ ಕೇಳಿದವಳಲ್ಲ. ಬರೆಯುವುದು ನಿನಗೆ ಎಷ್ಟು ಬೇಜಾರು ಅಂತ ಗೊತ್ತು. ಎರಡು ಸಾಲು ಬರೆದರೂ ಸಾಕು.

ನಿನ್ನ
ಅಕ್ಷತ

* * *

ಪಿಲ್ಲಗುಂಪೆ
24 ಜೂನ್ 2024

ಪ್ರೀತಿಯ ಅಕ್ಷತ,

ಕಾಗದ ಬಂತು. ಓದಿದೆ. ಅಳು ಬಂತು.

ಭಾನುವಾರ ನಾವು ಎಲ್ಲ ಇದ್ದೆವು. ನೀನು ಇಲ್ಲ. ಎಲ್ಲರೂ ಕೇಳಿದರು. ಅಕ್ಷತ ಜ್ವರವಾ? ಅಕ್ಷತ ಮದುವೆಯಾ? ನಾನು ಗೊತ್ತಿಲ್ಲ ಹೇಳಿದೆ. ಈಗ ಗೊತ್ತು. ಜಯಕುಮಾರ್ ಬೇಜಾರು. ನನ್ನಿಂದ ಅಂತ ಹೇಳುತ್ತಾನೆ. ಊಟ ಬಿಟ್ಟ.

ನನಗೆ ಕೆಲಸ ಅದೇ. ಬಾಟಲಿ ಬರುತ್ತದೆ, ಮುಚ್ಚಳ ನೋಡುವುದು. ಸರಿ ಇಲ್ಲದ್ದು ತೆಗೆಯುವುದು. ನಾವು ಕಿವಿ ಕೇಳದವರು ನಾಲ್ಕು ಜನ. ಇನ್ನೊಬ್ಬರು ಬೇಕು ಅಂತ ಮೇಡಂ ಹೇಳಿದರು. ನೀನು ಬಂದರೆ ಚೆನ್ನ. ನನ್ನ ರೂಮಿನಲ್ಲಿ ಜಾಗ ಇದೆ.

ನಾನು ನಿನ್ನ ಮನೆಗೆ ಬರುತ್ತೇನೆ. ಅಪ್ಪನಿಗೆ ನಾನು ಹೇಳುತ್ತೇನೆ. ತಪ್ಪು ಇದ್ದರೆ ಕ್ಷಮಿಸು.

ಪ್ರಮೋದಾ

* * *

ಚನ್ನರಾಯಪಟ್ಟಣ
14 ಜುಲೈ 2024

ಪ್ರೀತಿಯ ಪ್ರಮೋದಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ. ನಿನ್ನ ಮಾತು ಓದುವಾಗ ನಿನ್ನ ಕೈ ಕಾಣುತ್ತದೆ. "ಅಳು ಬಂತು" ಅಂತ ಬರೆದಿದ್ದೀಯಲ್ಲ, ಅದನ್ನು ನೀನು ಕೆನ್ನೆಯ ಮೇಲೆ ಹೇಗೆ ತೋರಿಸುತ್ತೀಯ ಅಂತ ನನಗೆ ಗೊತ್ತು.

ಫ್ಯಾಕ್ಟರಿ ಕೆಲಸದ ಮಾತನ್ನು ಅಮ್ಮನ ಹತ್ತಿರ ತೆಗೆದೆ. ಅಮ್ಮನ ತುಟಿ ನನಗೆ ಓದಲು ಬರುತ್ತದೆ, ನಿಧಾನವಾಗಿ ಬಾಯಿ ತೆರೆದು ಹೇಳುತ್ತಾರೆ. ಅಪ್ಪನ ಮಾತು ಮೀಸೆಯೊಳಗೇ ಮುಚ್ಚಿಹೋಗುತ್ತದೆ. ಅಪ್ಪನಿಗೆ ಹೇಳಿ ನೋಡಿ ಅಂದೆ. ಅಮ್ಮ, "ಆಷಾಢ ಕಳೀಲಿ. ಗಂಡಿನ ಕಡೆಯೋರು ಬರ್ತಾರೆ" ಅಂದರು. ಯಾವ ಗಂಡು, ಎಲ್ಲಿಯವನು ಅಂತ ಕೇಳಿದೆ. ಒಲೆ ಕಡೆ ತಿರುಗಿಬಿಟ್ಟರು. ತಿರುಗಿದರೆ ನನಗೆ ಅಲ್ಲಿಗೆ ಮಾತು ಮುಗಿದ ಹಾಗೆ.

ಮನೆ ತುಂಬ ಜನ ಕಣೇ. ಜಮೀನು ಸರ್ಕಾರಕ್ಕೆ ಬಿಡುವುದಿಲ್ಲ ಅಂತ ಊರಿನವರು ಸೇರುವ ಸಭೆ ಮುಗಿಸಿಕೊಂಡು ನಮ್ಮ ಜಗುಲಿಗೇ ಬರುತ್ತಾರೆ. ನಾನು ಕಾಫಿ ತಂದುಕೊಡುತ್ತೇನೆ. ಯಾರು ಯಾರ ಮೇಲೆ ರೇಗುತ್ತಿದ್ದಾರೆ, ಯಾಕೆ ನಗುತ್ತಿದ್ದಾರೆ ಒಂದೂ ತಿಳಿಯದು. ಆ ಪರದೆ ಇದ್ದಾಗ ಇದೆಲ್ಲ ನನಗೆ ಲೆಕ್ಕಕ್ಕೇ ಇರಲಿಲ್ಲ. ಸಂಜೆ ನೀವು ಸಿಗುತ್ತೀರಿ ಅಂತ ಹಗಲು ಕಳೆದುಬಿಡುತ್ತಿದ್ದೆ.

ಭಾನುವಾರ ಸುಮ್ಮನೆ ನನ್ನ ಹೆಸರು ಒತ್ತಿ ಒಳಗೆ ಹೋಗುತ್ತೇನೆ. ಏನು ಮಾಡಲಿ ಅಲ್ಲಿ? ನಮ್ಮ ಹಾಸ್ಟೆಲಿನ ಫೋಟೋ ನೋಡುತ್ತೇನೆ. ಹರಿ ಬಂದು ನಿಂತರೆ ಎದ್ದು ಜಾಗ ಬಿಡುತ್ತೇನೆ. ಅವನು ಈಗ ನನ್ನ ಮುಖ ನೋಡುವುದೇ ಕಮ್ಮಿ.

ಮದುವೆ ಯಾವಾಗ? ನಿಮ್ಮ ಅಮ್ಮ ಒಪ್ಪಿದರಾ? ಎಲ್ಲ ಬರೆ. ಯಾರು ಏನಂದರು ಎಲ್ಲ ಬರೆ.

ನಿನ್ನ
ಅಕ್ಷತ

* * *

ಪಿಲ್ಲಗುಂಪೆ
12 ಆಗಸ್ಟ್ 2024

ಅಕ್ಷತ,

ನಿನ್ನೆ ನಾನು ನಿನ್ನ ಊರಿಗೆ ಬಂದೆ. ಜಯಕುಮಾರ್ ಬಂದ. ಹೊಸಕೋಟೆ ಬಸ್, ದೇವನಹಳ್ಳಿ ಬಸ್, ಆಮೇಲೆ ಆಟೋ. ಡೇರಿ ಗೋಪಾಲಪ್ಪ ಮನೆ ಅಂತ ಬರೆದು ತೋರಿಸಿದೆವು. ಒಬ್ಬರು ಕರೆದುಕೊಂಡು ಹೋದರು.

ನಿನ್ನ ಅಪ್ಪ ಬಾಗಿಲಲ್ಲಿ ಕೂತಿದ್ದರು. ಜಯಕುಮಾರ್ ನೋಡಿದರು. ಎದ್ದರು. ನಾನು ಅಕ್ಷತ ಎಲ್ಲಿ ಅಂತ ಬರೆದೆ. ಅವರು ಪೆನ್ನು ತೆಗೆದುಕೊಂಡು ಬರೆದರು. "ಮನೆಯಲ್ಲಿ ಇಲ್ಲ. ಸಾಸಲಿಗೆ ಅತ್ತೆ ಮನೆಗೆ ಹೋಗಿದ್ದಾಳೆ." ನೀರು ಕೊಟ್ಟರು. ಕೂತುಕೊಳ್ಳಿ ಹೇಳಲಿಲ್ಲ.

ತಂತಿ ಮೇಲೆ ನಿನ್ನ ಹಳದಿ ಚೂಡಿದಾರ ಇತ್ತು. ಒದ್ದೆ ಇತ್ತು. ನೀರು ಬೀಳುತ್ತಾ ಇತ್ತು.

ನೀನು ಒಳಗೆ ಇದ್ದೆಯಾ? ನೀನು ಬರಬೇಡ ಅಂತ ಹೇಳಿದೆಯಾ? ನಿಜ ಹೇಳು.

ಮೈಸೂರ್‌ಪಾಕ್ ತಂದಿದ್ದೆ. ವಾಪಸ್ ತಂದೆ. ಯಾರೂ ತಿನ್ನಲಿಲ್ಲ.

ಪ್ರಮೋದಾ

* * *

ಚನ್ನರಾಯಪಟ್ಟಣ
20 ಆಗಸ್ಟ್ 2024

ಪ್ರಮೋದಾ,

ಒಳಗೇ ಇದ್ದೆ. ಹಿತ್ತಲಲ್ಲಿ ಕೂತು ಪಾತ್ರೆ ತೊಳೆಯುತ್ತಿದ್ದೆ. ನೀನು ಬಾಗಿಲಿಗೆ ಬಂದು, ನೀರು ಕುಡಿದು, ಹೋದೆ. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ. ಕಿವಿ ಕೇಳದೆ ಇದ್ದುದಕ್ಕೆ ನಾನು ಯಾವತ್ತೂ ಇಷ್ಟು ಅತ್ತಿರಲಿಲ್ಲ.

ನಿನ್ನ ಕಾಗದ ಬಂದ ದಿನವೇ ಅದನ್ನು ಅಮ್ಮನ ಮುಂದೆ ಹಿಡಿದೆ. ಅಮ್ಮ ಓದಿ ಅಲ್ಲೇ ಕೂತುಬಿಟ್ಟರು. "ನಿಂಗೆ ಗೊತ್ತಿತ್ತಾ?" ಅಂತ ಬಾಯಿಬಿಟ್ಟು ಕೇಳಿದೆ. ನಾನು ಬಾಯಿಂದ ಮಾತಾಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಮ್ಮ ಬೆಚ್ಚಿಬಿದ್ದರು. ಗೊತ್ತಿತ್ತಂತೆ. ಕಿಟಕಿಯಿಂದ ನೋಡಿದರಂತೆ. "ಆ ಹುಡುಗೀನ ನೋಡಿ ಅಯ್ಯೋ ಅನ್ನಿಸ್ತು ಕಣಮ್ಮಾ. ನಿಮ್ಮಪ್ಪ ಕಣ್ಣಲ್ಲೇ ಬೇಡ ಅಂದ್ರು. ಗಂಡಿನ ಕಡೆಯೋರಿಗೆ ಯಾರಾದ್ರೂ ಇಲ್ಲದ್ದು ಹೇಳಿದ್ರೆ ಏನ್ ಮಾಡೋದು" ಅಂದರು.

ಅಪ್ಪ ಊಟಕ್ಕೆ ಕೂತಾಗ ಕಾಗದವನ್ನು ತಟ್ಟೆಯ ಪಕ್ಕ ಇಟ್ಟೆ. ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟರು. ಹರಿಯ ಕಡೆ ನೋಡಿ ಏನೋ ಅಂದರು. ಹರಿ ನನಗೆ ತಿಳಿಸಿದ: "ಒಳ್ಳೇದಕ್ಕೇ ಮಾಡಿದ್ದು ಅಂತ ಹೇಳು ಅಂದರು." ಅಷ್ಟೇ. ಮತ್ತೆ ಮುದ್ದೆ ಮುರಿದರು.

ನೀನು ಬೇಜಾರು ಮಾಡಿಕೊಳ್ಳಬೇಡ ಅಂತ ಬರೆಯಲು ನನಗೆ ಯೋಗ್ಯತೆ ಇಲ್ಲ. ಜಯಕುಮಾರ್‌ಗೆ ಏನು ಹೇಳಲಿ? ಒಂದು ಸಾಲು ಬರೆ ಪ್ರಮೋದಾ. ಕಾಗದ ತಲುಪಿತು ಅಂತ ಬರೆದರೂ ಸಾಕು.

ಅಕ್ಷತ

* * *

ಚನ್ನರಾಯಪಟ್ಟಣ
3 ನವೆಂಬರ್ 2024

ಪ್ರಮೋದಾ,

ನೀನು ಬರೆಯಲಿಲ್ಲ. ಗೌರಿ ಹಬ್ಬಕ್ಕೆ ಬರೆದೆ, ದಸರಾಕ್ಕೆ ಬರೆದೆ. ಆಗಸ್ಟ್ ಕಾಗದ ಆದ ಮೇಲೆ ಇದು ಮೂರನೆಯದು. ಕೋಪವೇ ಇರಲಿ, ನನಗೆ ಇದನ್ನು ಹೇಳಲು ಬೇರೆ ಯಾರೂ ಇಲ್ಲ.

ದೀಪಾವಳಿಗೆ ಮುಂಚೆ ಗಂಡಿನವರು ಬಂದಿದ್ದರು. ನೆಲಮಂಗಲದ ಕಡೆಯವರು, ಬಣ್ಣದ ಅಂಗಡಿ ಇದೆ. ಹುಡುಗನಿಗೆ ಕಿವಿ ಕೇಳುತ್ತದೆ. ವಯಸ್ಸು ನನಗಿಂತ ತುಂಬ ಹೆಚ್ಚು. ಕೆಟ್ಟವನ ಥರ ಕಾಣಲಿಲ್ಲ. ತಟ್ಟೆ ತಂದಿಟ್ಟು ಕೂತೆ. ಒಂದು ಚೀಟಿಯಲ್ಲಿ, "ನೀವು ಸನ್ನೆ ಕಲಿಯುತ್ತೀರಾ?" ಅಂತ ಬರೆದು ಕೊಟ್ಟೆ. ಬೇರೆ ಏನೂ ಕೇಳಬೇಕು ಅನ್ನಿಸಲಿಲ್ಲ.

ಅವನು ಓದಿ ಅವನ ತಾಯಿಗೆ ಕೊಟ್ಟ. ಆಮೇಲೆ ಏನೋ ಹೇಳಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಹರಿಯೊಬ್ಬನೇ ಲೋಟ ಕೆಳಗಿಟ್ಟು ಎದ್ದು ಹೋದ. ಚೀಟಿ ಆ ತಾಯಿಯ ಮಡಿಲಲ್ಲೇ ಉಳಿಯಿತು.

ಮಾರನೇ ದಿನ ಹರಿಯನ್ನು ಹಿಡಿದು ನಿಲ್ಲಿಸಿದೆ. ಹೇಳುವುದಿಲ್ಲ ಅಂದ. ಬಿಡಲಿಲ್ಲ. ಆ ಗಂಡು ಹೇಳಿದ್ದು ಇಷ್ಟಂತೆ: "ಹೆಂಡ್ತಿ ಮಾತಾಡಲ್ಲ ಅಂದ್ರೆ ಗಂಡನಿಗೆ ಅದಕ್ಕಿಂತ ನೆಮ್ಮದಿ ಏನಿದೆ?" ತಮಾಷೆಗೆ ಅಂದಿದ್ದು ಅಂತ ಹರಿಯೇ ಸಮಾಧಾನ ಹೇಳಿದ. ತಮಾಷೆಗೇ ಇರಬಹುದು.

ಒಪ್ಪಿಗೆಯಾ ಅಂತ ಅಮ್ಮ ಕೇಳಿದರು. ಆಗಲಿ ಅಂದೆ. ನನ್ನನ್ನು ಬೈಯಬೇಡ. ಇಲ್ಲಿ ಇವರ ನಡುವೆ ಸುಮ್ಮನೆ ಕೂರುತ್ತೇನೆ, ಅಲ್ಲಿ ಅವರ ನಡುವೆ ಸುಮ್ಮನೆ ಕೂರುತ್ತೇನೆ. ಅಪ್ಪ ಸಿಹಿ ಹಂಚಿದರು. ಮಾಘದಲ್ಲಿ ಮದುವೆ.

ಇನ್ನು ನಾನು ಬರೆದು ನಿನಗೆ ತೊಂದರೆ ಕೊಡುವುದಿಲ್ಲ.

ಅಕ್ಷತ

* * *

ಚನ್ನರಾಯಪಟ್ಟಣ
18 ನವೆಂಬರ್ 2024

ಪ್ರಮೋದಾ ಅಕ್ಕನಿಗೆ ನಮಸ್ತೆ.

ನಾನು ಅಕ್ಷತಳ ತಮ್ಮ ಹರಿಪ್ರಸಾದ್. ಅಡ್ರೆಸ್ ಅಕ್ಕನ ಹತ್ರ ಇದ್ದ ನಿಮ್ಮ ಕವರ್ ಮೇಲೆ ನೋಡ್ಕೊಂಡೆ. ಅವಳಿಗೆ ಹೇಳಿಲ್ಲ.

ಕಂಪ್ಯೂಟರಲ್ಲಿ ಅವಳ ಹೆಸರಿಗೆ ನೆಟ್ ನಿಲ್ಲಿಸಿದ್ದು ನಾನೇ. ಹೋದ ವಾರ ಅದನ್ನ ತೆಗೆದುಬಿಟ್ಟೆ. ಕದ್ದು ಅಲ್ಲ, ಅಪ್ಪನಿಗೆ ಹೇಳೇ ತೆಗೆದೆ. "ಮಾತುಕತೆ ಆಯ್ತಲ್ಲ, ಇನ್ನೇನ್ ಭಯ ಇಲ್ಲ, ತೆಗಿ" ಅಂದ್ರು. ತೆಗೆದು, ಅಕ್ಕನ್ನ ಕೂರಿಸಿ, ಅವಳ ಹೆಸರು ಒತ್ತಿ ತೋರಿಸಿದೆ. ನೋಡಿದ್ಲು. ಎದ್ದು ಹೋಗಿ ಬಟ್ಟೆ ಮಡಚೋಕೆ ಕೂತ್ಕೊಂಡ್ಲು. ಅವತ್ತಿಂದ ಒಂದು ಸಲನೂ ಅದರ ಹತ್ರ ಬಂದಿಲ್ಲ.

ಅದಕ್ಕಿಂತ ಇನ್ನೊಂದಿದೆ ಅಕ್ಕ. ನನ್ನ ಹತ್ರ ಸನ್ನೆ ಮಾಡೋದು ಬಿಟ್ಟುಬಿಟ್ಟಿದಾಳೆ. ಏನಾದ್ರೂ ಕೇಳಿದ್ರೆ ತಲೆ ಆಡಿಸ್ತಾಳೆ. ಇಲ್ಲಾ ಚೀಟೀಲಿ ಬರೀತಾಳೆ, ಯಾರೋ ಹೊರಗಿನೋರಿಗೆ ಬರೆದ ಹಾಗೆ.

ಅಪ್ಪನ್ನ ಕೆಟ್ಟೋರು ಅನ್ಕೋಬೇಡಿ. ನೆಟ್ ನಿಲ್ಲಿಸಿದ ಹೊತ್ತಲ್ಲಿ ಪಕ್ಕದ ಊರಲ್ಲಿ ಒಂದು ಹುಡುಗಿ ಫೋಟೋ ಯಾರೋ ನೆಟ್ಟಲ್ಲಿ ಹಾಕಿ ದೊಡ್ಡ ಗಲಾಟೆ ಆಗಿತ್ತು. ಅಪ್ಪ ನನ್ನ ಪಕ್ಕ ನಿಂತ್ಕೊಂಡು, "ಬೇರೆ ಹುಡುಗೀರಾದ್ರೆ ಕೂಗ್ಕೋತಾರೆ ಕಣಪ್ಪಾ. ಇವಳಿಗೇನಾದ್ರೂ ಆದ್ರೆ ನಮಗೆ ಹೆಂಗೆ ಗೊತ್ತಾಗುತ್ತೆ" ಅಂದ್ರು. ಅದನ್ನ ಕೇಳಿ ನಾನು ಎದುರು ಮಾತಾಡಲಿಲ್ಲ. ನಾನೂ ಅದನ್ನೇ ನಂಬ್ಕೊಂಡೆ.

ಇನ್ನೊಂದು ಸಲ ಬನ್ನಿ ಅಕ್ಕ. ಬಸ್‌ಸ್ಟ್ಯಾಂಡಿಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅಪ್ಪನಿಗೆ ನಾನು ಹೇಳ್ಕೋತೀನಿ. ನೀವು ಬಂದ್ರೆ ಸನ್ನೆಗೆ ಕೈ ಎತ್ತುತ್ತಾಳೇನೋ.

ಇಂತಿ,
ಹರಿಪ್ರಸಾದ್

* * *

ಪಿಲ್ಲಗುಂಪೆ
27 ನವೆಂಬರ್ 2024

ಹರಿಪ್ರಸಾದ್,

ನಾನು ಬರುವುದಿಲ್ಲ. ಒಂದು ಸಲ ಬಂದೆ. ಸಾಕು.

ಅಕ್ಷತ ಮೇಲೆ ಕೋಪ ಇಲ್ಲ. ಅವಳ ಕಾಗದ ಉದ್ದ. ನನಗೆ ಓದಲು ಕಷ್ಟ. ಜಯಕುಮಾರ್ ಅರ್ಧ ಹೇಳುತ್ತಾನೆ, ಅವನಿಗೂ ಅರ್ಧ ಗೊತ್ತಿಲ್ಲ. ಉತ್ತರ ಬರೆದೆ. ತಪ್ಪು. ಹರಿದೆ. ಮತ್ತೆ ಬರೆದೆ. ಹರಿದೆ. ನಾಚಿಕೆ. ಸನ್ನೆಯಲ್ಲಿ ನಾನು ಜಾಣೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ನಾನೇ ಕಥೆ ಹೇಳುವವಳು, ಅಕ್ಷತ ಕೂತು ನೋಡುವವಳು. ಕಾಗದದಲ್ಲಿ ನಾನು ದಡ್ಡಿ. ಅವಳಿಗೆ ದಡ್ಡಿ ಪ್ರಮೋದಾ ತೋರಿಸುವುದು ನನಗೆ ಇಷ್ಟ ಇಲ್ಲ.

ಡಿಸೆಂಬರ್ 8 ನನ್ನ ಮದುವೆ. ಹೊಸಕೋಟೆ. ಪತ್ರಿಕೆ ಇದರಲ್ಲಿ ಇದೆ. ನೀನು ಅವಳನ್ನು ಕರೆದುಕೊಂಡು ಬಾ.

ಈ ಕಾಗದ ಬರೆಯಲು ಮೂರು ದಿನ ಆಯಿತು.

ಪ್ರಮೋದಾ

* * *

ಚನ್ನರಾಯಪಟ್ಟಣ
26 ಜನವರಿ 2025

ಪ್ರೀತಿಯ ಪ್ರಮೋದಾ,

ನೀನು ಹರಿಗೆ ಬರೆದಿದ್ದನ್ನು ಅವನು ನನಗೆ ತೋರಿಸಿದ. ಅದಕ್ಕೆ ಈ ಸಲ ಸಣ್ಣ ಸಣ್ಣದಾಗಿ ಬರೆಯುತ್ತೇನೆ. ನಿಧಾನವಾಗಿ ಓದು. ಅವಸರ ಇಲ್ಲ.

ಈಗ ಮತ್ತೆ ಭಾನುವಾರ ಸಿಗುತ್ತೇವಲ್ಲ, ಕಾಗದ ಯಾಕೆ ಅಂತ ಕೇಳಬೇಡ. ಪರದೆಯಲ್ಲಿ ಹೇಳಿದರೆ ಎಲ್ಲರೂ ನೋಡುತ್ತಾರೆ. ಹರಿಯೂ ನೋಡುತ್ತಾನೆ. ಇದು ನಿನಗೆ ಮಾತ್ರ.

ನಿನ್ನ ಮದುವೆಗೆ ಅಪ್ಪ ಯಾಕೆ ಬಂದರು ಗೊತ್ತಾ? ಮದುವೆ ಗೊತ್ತಾದ ಹುಡುಗಿಯನ್ನು ಹರಿಯ ಜೊತೆ ಮಾತ್ರ ಕಳಿಸಲು ಮನಸ್ಸಿರಲಿಲ್ಲ. ಛತ್ರದ ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಒಳಗೆ ಎಲ್ಲರ ಕೈಯೂ ಆಡುತ್ತಿತ್ತು. ಒಳಗೆ ಹೋಗಲು ಭಯವಾಯಿತು. ನೀನು ಮಣೆಯಿಂದ ಎದ್ದು ಬಂದೆ. ಪುರೋಹಿತರು ಕೂಗಿದರಂತೆ, ಹರಿ ಆಮೇಲೆ ಹೇಳಿದ. ನೀನು ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡೆ. ಹಿಡಿದುಕೊಂಡರೆ ನಾವು ಮಾತಾಡಲು ಆಗುವುದಿಲ್ಲ. ಆದರೂ ನೀನು ಬಿಡಲಿಲ್ಲ.

ಊಟದ ಪಂಕ್ತಿ ನೀನು ನೋಡಲಿಲ್ಲ. ನಾನು, ಹರಿ, ಅಪ್ಪ ಒಂದೇ ಸಾಲಲ್ಲಿ ಕೂತಿದ್ದೆವು. ಎದುರಿಗೆ ನಮ್ಮ ಹಾಸ್ಟೆಲಿನವರು. ಎಲೆ ಮೇಲೆ ಕೈ ಎತ್ತಿ ಹಿಡಿದು ಮಾತು, ನಗು. ನಾನೂ ನಕ್ಕೆ, ಹರಿಯೂ ನಕ್ಕ. ಅಪ್ಪ ಹರಿಯ ತೋಳು ಮುಟ್ಟಿ ಏನೋ ಕೇಳಿದರು. ಹರಿ ಅವರ ಕಡೆ ತಿರುಗದೆ ಒಂದು ಮಾತು ಹೇಳಿ, ಮತ್ತೆ ಎದುರು ನೋಡಿ ನಕ್ಕ. ಅಪ್ಪ ಇನ್ನೊಮ್ಮೆ ಕೇಳಿದರು. ಆಮೇಲೆ ಕೇಳಲಿಲ್ಲ. ಬಡಿಸಿದ್ದೆಲ್ಲ ಎಲೆಯಲ್ಲೇ ಇತ್ತು. ಅಷ್ಟು ಜನರ ನಡುವೆ ತಲೆ ಬಗ್ಗಿಸಿಕೊಂಡು ಅನ್ನ ಕಲಸುತ್ತಾ ಕೂತಿದ್ದರು. ಅವರು ಹಾಗೆ ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆ ವಾರವೇ ಅಪ್ಪ ಒಬ್ಬರೇ ನೆಲಮಂಗಲಕ್ಕೆ ಹೋಗಿ ಸಂಬಂಧ ಬೇಡ ಅಂತ ಹೇಳಿ ಬಂದರು. ಆ ಮನೆಯವರು ಅಪ್ಪನನ್ನು ಅಂಗಳದಲ್ಲೇ ನಿಲ್ಲಿಸಿ ಬೈದರಂತೆ. ಸಾಸಲಿನ ಅತ್ತೆಯೇ ಆ ಸಂಬಂಧ ತಂದಿದ್ದು, ಅವರು ಈಗ ನಮ್ಮ ಮನೆಗೆ ಬರುವುದಿಲ್ಲ. ಅಪ್ಪ ಇದು ಯಾವುದನ್ನೂ ನನಗೆ ಹೇಳಲಿಲ್ಲ. ಹರಿ ಹೇಳಿದ.

ಹೋದ ಭಾನುವಾರ ನೀನು ಕೇಳಿದೆ, ಮನೆಯಲ್ಲಿ ಈಗ ಎಲ್ಲ ಸರಿ ಆಯಿತಾ ಅಂತ. ನಾನು ಹೂಂ ಅಂದೆ. ಅದು ಸುಳ್ಳು.

ಸಂಕ್ರಾಂತಿಯ ಮಾರನೇ ದಿನ ನಾನು ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಅಪ್ಪ ಡೇರಿಯಿಂದ ಬಂದರು. ಒಳಗೆ ಹೋಗಲಿಲ್ಲ, ನನ್ನ ಮುಂದೆ ನಿಂತರು. ಬೆರಳು ಐದನ್ನೂ ಕೂಡಿಸಿ ಬಾಯಿಯ ಹತ್ತಿರ ತಂದರು. ಆಮೇಲೆ ಕೈಯನ್ನು ಮಗುಚಿ, ಹುಬ್ಬು ಎತ್ತಿದರು. ಊಟ ಆಯಿತಾ ಅಂತ ಕೇಳುತ್ತಿದ್ದರು. ಹರಿಯಿಂದ ಕಲಿತಿದ್ದಾರೆ. ಹುಬ್ಬು ಜಾಸ್ತಿ ಎತ್ತಿದ್ದರು, ನೀನು ನೋಡಿದ್ದರೆ ನಗುತ್ತಿದ್ದೆ.

ನನಗೆ ಅರ್ಥವಾಯಿತು ಪ್ರಮೋದಾ. ಅರ್ಥವಾಗದವಳ ಹಾಗೆ ಸುಮ್ಮನೆ ನೋಡಿದೆ.

ಅವರು ಇನ್ನೊಂದು ಸಲ ಮಾಡಿದರು, ಮೊದಲಿಗಿಂತ ನಿಧಾನವಾಗಿ. ನಾನು ತಲೆ ಬಗ್ಗಿಸಿ ಅವರೆಕಾಯಿ ಬಿಡಿಸಿದೆ. ತಲೆ ಎತ್ತುವ ಹೊತ್ತಿಗೆ ಅವರು ಒಳಗೆ ಹೋಗುತ್ತಿದ್ದರು, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ. ಒಳಗೆ ಹರಿಯ ಮುಂದೆ ಅದೇ ಸನ್ನೆ ಮಾಡಿ ತೋರಿಸಿ ಏನೋ ಕೇಳುತ್ತಿದ್ದರು. ತಪ್ಪು ಮಾಡಿದೆನಾ ಅಂತ ಇರಬೇಕು. ಹರಿ ಬಾಗಿಲಿನಿಂದ ನನ್ನ ಕಡೆ ನೋಡಿದ. ಅವನಿಗೆ ಗೊತ್ತಾಯಿತು. ಅಪ್ಪನಿಗೆ ಅವನು ಹೇಳಲಿಲ್ಲ.

ಅವತ್ತಿನಿಂದ ಅಪ್ಪ ಮತ್ತೆ ಕೈ ಎತ್ತಿಲ್ಲ. ನಾನು ಕಂಪ್ಯೂಟರ್ ಮುಂದೆ ಕೂತು ನಿಮ್ಮ ಜೊತೆ ಮಾತಾಡುವಾಗ ದೂರದಲ್ಲಿ ನಿಂತು ನೋಡಿ ಹೋಗುತ್ತಾರೆ. ಇವತ್ತು ನಾನೇ ಹೋಗಿ ಕೇಳಬೇಕು, ಊಟ ಆಯಿತಾ ಅಂತ ಅಂದುಕೊಂಡು ದಿನಾ ಏಳುತ್ತೇನೆ. ಅವರ ಮುಂದೆ ನಿಲ್ಲುತ್ತೇನೆ. ಅವರು ಕಾಯುತ್ತಾರೆ. ನನ್ನ ಕೈ ಏಳುವುದಿಲ್ಲ.

ನಿನ್ನ
ಅಕ್ಷತ